ಅಗ್ಗದ ಕೃಪೆಗೆ ಒಪ್ಪದ ಪುಸ್ತಕ
ಜರ್ಮನಿಯ ಲೂಥರನ್ ಪಾದ್ರಿ ಡೀಟ್ರಿಕ್ ಬಾನ್‌ಹೋಫರ್ 1937ರಲ್ಲಿ ಪ್ರಕಟಿಸಿದ ‘ನಾಖ್‌ಫೋಲ್ಗೆ’ಯ (ಹಿಂಬಾಲಿಸುವಿಕೆ) ಇಂಗ್ಲಿಷ್ ಅನುವಾದ ‘ದಿ ಕಾಸ್ಟ್ ಆಫ್ ಡಿಸೈಪಲ್‌ಶಿಪ್’ (ಶಿಷ್ಯತ್ವದ ಬೆಲೆ) ಅನ್ನು ಅಂಚೆಯಲ್ಲಿ ತರಿಸಿಕೊಂಡು ಓದಿದೆ. ಪಶ್ಚಾತ್ತಾಪ ಬೇಡದ ಕ್ಷಮೆಯನ್ನು ‘ಅಗ್ಗದ ಕೃಪೆ’ ಎಂದು ನಿರಾಕರಿಸುವ ಮೊದಲ ಅಧ್ಯಾಯವೇ ಇದರ ಜೀವಾಳ. ಬೈಬಲಿನಲ್ಲಿ ಸುಂಕದ ಕಟ್ಟೆಯಲ್ಲಿ ಕುಳಿತಿದ್ದ ಲೇವಿ ಯೇಸುವಿನ ಒಂದೇ ಕರೆಗೆ ಎದ್ದು ಹೊರಟದ್ದನ್ನು ವಿವರಿಸುವಾಗ, ಅವನ ಮನಸ್ಸಿನಲ್ಲಿ ಏನಿತ್ತೆಂಬ ಊಹೆಗೆ ಲೇಖಕರು ಎಡೆಗೊಡದಿರುವುದು ನನಗೆ ಬಹಳ ಹಿಡಿಸಿತು. ಯೇಸು ಬೆಟ್ಟದ ಮೇಲೆ ಮಾಡಿದ ಬೋಧನೆಯಾದ ಪರ್ವತ ಪ್ರಸಂಗದ ವ್ಯಾಖ್ಯಾನ ಮಾತ್ರ ಅಲ್ಲಲ್ಲಿ ಎಳೆದಂತಿದೆ. ಫಿಂಕೆನ್‌ವಾಲ್ಡೆಯಲ್ಲಿ ಅವರು ನಡೆಸುತ್ತಿದ್ದ ಪಾದ್ರಿಗಳ ತರಬೇತಿ ಶಾಲೆಯನ್ನು ನಾಜಿಗಳ ಗುಪ್ತ ಪೊಲೀಸ್ ಪಡೆಯಾದ ಗೆಸ್ಟಾಪೊ ಮುಚ್ಚಿಸಿತು, 1945ರ ಏಪ್ರಿಲ್ 9ರಂದು ಅವರನ್ನೇ ಗಲ್ಲಿಗೇರಿಸಲಾಯಿತು ಎಂಬುದನ್ನು ಬಲ್ಲವರಿಗೆ, ಶಿಷ್ಯತ್ವದ ‘ಬೆಲೆ’ ಎಂಬ ಮಾತು ಇಲ್ಲಿ ಬರೀ ಅಲಂಕಾರವಾಗಿ ಕೇಳಿಸದು. ನನ್ನ ಪ್ರತಿಯ ಬೆನ್ನಿನ ಅಂಟು ವಾರದೊಳಗೇ ಬಿಟ್ಟು ಹಾಳೆಗಳು ಕಳಚಿ ಬಂದವು. ಕೊಳ್ಳುವವರು ಗಟ್ಟಿ ರಟ್ಟಿನ ಪ್ರತಿಯನ್ನೇ ಆರಿಸಿಕೊಳ್ಳುವುದು ಒಳ್ಳೆಯದು.