ಮೂವತ್ತು ಡಾಲರ್ ವಾಪಸ್ ತಂದ ಕರಿ ಡಬ್ಬಿ

2015ರ ಮಾರ್ಚ್ 9, ಸೋಮವಾರ. ಹಿಂದಿನ ದಿನವಷ್ಟೇ ಅಮೆರಿಕದ ಗಡಿಯಾರಗಳು ಒಂದು ಗಂಟೆ ಮುಂದೆ ಹೋಗಿದ್ದವು. ನನ್ನ ನಿದ್ದೆ ಇನ್ನೂ ಹಿಂದೆಯೇ ಇತ್ತು. ಕ್ಯಾಲಿಫೋರ್ನಿಯಾದ ಸನಿವೇಲ್‌ನ ನಮ್ಮ ಆಫೀಸಿನಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಯಾರೂ ಕೆಲಸ ಮಾಡುತ್ತಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆಪಲ್‌ನವರ ಕಾರ್ಯಕ್ರಮ ಶುರುವಾಗಿತ್ತು. ಎಲ್ಲರ ಕಂಪ್ಯೂಟರಿನ ಒಂದು ಮೂಲೆಯಲ್ಲಿ ಅದೇ ಓಡುತ್ತಿತ್ತು.

ಎಲ್ಲರೂ ಕಾಯುತ್ತಿದ್ದದ್ದು ವಾಚಿಗೆ. ಆದರೆ ವಾಚು ಬರುವ ಮೊದಲೇ ಆಪಲ್ ಮುಖ್ಯಸ್ಥ ಟಿಮ್ ಕುಕ್ ಆಪಲ್ ಟಿವಿಯ, ಅಂದರೆ ಟಿವಿಗೆ ಜೋಡಿಸಿ ಇಂಟರ್ನೆಟ್ಟಿನ ಸಿನಿಮಾ, ವಿಡಿಯೊ ನೋಡುವ ಡಬ್ಬಿಯ, ವಿಷಯ ಎತ್ತಿದರು. ಅಮೆರಿಕದ ಟಿವಿ ಚಾನೆಲ್ ಎಚ್‌ಬಿಒದ ಮುಖ್ಯಸ್ಥ ರಿಚರ್ಡ್ ಪ್ಲೆಪ್ಲರ್ ವೇದಿಕೆಗೆ ಬಂದು, ಕೇಬಲ್ ಇಲ್ಲದೆಯೂ ತಿಂಗಳಿಗೆ 14.99 ಡಾಲರ್ ಕೊಟ್ಟು ಎಚ್‌ಬಿಒ ನೌ ಅನ್ನುವ ಇಂಟರ್ನೆಟ್ ಸೇವೆಯಲ್ಲಿ ಅವರ ಕಾರ್ಯಕ್ರಮ ನೋಡಬಹುದು ಅಂದರು. ಅದೂ ಸರಿ. ಆಮೇಲೆ ಕುಕ್, 99 ಡಾಲರ್ ಇದ್ದ ಆಪಲ್ ಟಿವಿ ಇವತ್ತಿನಿಂದ 69 ಡಾಲರ್ ಅಂತ ಹೇಳಿದರು. ಸಭೆಯಲ್ಲಿ ಚಪ್ಪಾಳೆ. ನನ್ನ ಹೊಟ್ಟೆಯಲ್ಲಿ ಉರಿ.

ಯಾಕೆಂದರೆ ಹತ್ತು ದಿನದ ಹಿಂದೆ, ಫೆಬ್ರವರಿ 27ರ ಶುಕ್ರವಾರ, ನಮ್ಮನೆಯವರು ಆಫೀಸಿನಿಂದ ಬರುವಾಗ ವ್ಯಾಲಿ ಫೇರ್ ಮಾಲಿನ ಆಪಲ್ ಅಂಗಡಿಗೆ ಹೋಗಿ ಅದೇ ಡಬ್ಬಿ ತಂದಿದ್ದರು. ತೆರಿಗೆ ಸೇರಿ 107 ಡಾಲರ್ 66 ಸೆಂಟ್. ಏಪ್ರಿಲ್‌ನಲ್ಲಿ ಶಿರಸಿಯಿಂದ ಅಪ್ಪ, ಆಯಿ ಆರು ತಿಂಗಳಿಗೆ ಬರುವವರಿದ್ದರು. ಅಪ್ಪನಿಗೆ ಯಕ್ಷಗಾನ ಬೇಕು, ಲ್ಯಾಪ್‌ಟಾಪಿನ ಎದುರು ಬೆನ್ನು ಬಗ್ಗಿಸಿ ಕೂರಲು ಆಗುವುದಿಲ್ಲ. ಅದಕ್ಕೇ ಕೊಂಡದ್ದು. ತಂದಾಗ ನಾನೇ, "ರೀ, ಸ್ವಲ್ಪ ದಿನ ಕಾಯಬಹುದಿತ್ತು" ಅಂದಿದ್ದೆ. ಹಾಗಾಗಿ ಆ ಸೋಮವಾರ ಮೂವತ್ತು ಡಾಲರ್ ಹೋದ ದುಃಖ ಅರ್ಧ, ನನ್ನ ಮಾತೇ ನಿಜವಾಯಿತಲ್ಲ ಅನ್ನುವ ಖುಷಿ ಅರ್ಧ. ಫೋನ್ ಮಾಡಿ ಹೇಳಿದೆ. ಆ ಕಡೆಯಿಂದ ಎರಡು ಕ್ಷಣ ಸದ್ದೇ ಇಲ್ಲ. ಆಮೇಲೆ, "ನಿನಗೆ ಕೆಲಸ ಇಲ್ವಾ ಇವತ್ತು?"

ಮಧ್ಯಾಹ್ನ ಊಟದ ಮೇಜಿನಲ್ಲಿ ಇದೇ ಮಾತು. ಅಲ್ಲಿ ಒಂದು ಗಮನಿಸಿದೆ. 69 ಡಾಲರಿಗೆ ಆ ಡಬ್ಬಿ ಏನು ಮಾಡುತ್ತದೆ ಅಂತ ಯಾರೂ ಕೇಳಲಿಲ್ಲ. ತಾವು ಎಷ್ಟು ಕೊಟ್ಟಿದ್ದೆವು, ಬೇರೆಯವರು ಎಷ್ಟು ಕೊಟ್ಟರು, ಇದೇ ಲೆಕ್ಕ. ನಮ್ಮ ತಂಡದ ಹಿರಿಯರೊಬ್ಬರು 2007ರಲ್ಲಿ ಮೊದಲ ಆಪಲ್ ಟಿವಿಯನ್ನು 299 ಡಾಲರ್ ಕೊಟ್ಟು ಕೊಂಡವರು. ಮರುವರ್ಷ ಜನವರಿಯಲ್ಲೇ ಅದು 229ಕ್ಕೆ ಇಳಿಯಿತಂತೆ. ಅದಕ್ಕೂ ಮೊದಲು ಐಫೋನಿನದ್ದೂ ಅನುಭವಿಸಿದ್ದರು. 2007ರ ಜೂನ್ ಕೊನೆಗೆ 599 ಡಾಲರಿಗೆ ಬಂದ ಫೋನು ಸೆಪ್ಟೆಂಬರ್ ಮೊದಲ ವಾರದಲ್ಲಿ 399 ಆಗಿಬಿಟ್ಟಿತ್ತು. ಜನ ಎಷ್ಟು ಗಲಾಟೆ ಮಾಡಿದರೆಂದರೆ, ಸ್ಟೀವ್ ಜಾಬ್ಸ್ ಬಹಿರಂಗ ಪತ್ರ ಬರೆದು ಮೊದಲೇ ಕೊಂಡವರಿಗೆ ಅಂಗಡಿಯಲ್ಲಿ ಬಳಸಿಕೊಳ್ಳಲು 100 ಡಾಲರ್ ಕೊಡಬೇಕಾಯಿತು. "ಇನ್ನೂರಕ್ಕೇ ಅತ್ತು ಮುಗಿಸಿದವನು ನಾನು, ಮೂವತ್ತಕ್ಕೆ ಏನು ಅಳ್ತೀಯ" ಅಂತ ನಕ್ಕರು.

ಇನ್ನೊಬ್ಬ ಬೇರೆಯೇ ಪಂಗಡ. ಅವನ ಮನೆಯಲ್ಲಿ ಇಂಥದ್ದೇ ಕೆಲಸಕ್ಕೆ ಗೂಗಲ್‌ನ ಕ್ರೋಮ್‌ಕಾಸ್ಟ್. ಆಗ ಬೆಲೆ 35 ಡಾಲರ್. "ಅಮೆಜಾನ್‌ನವರ ಫೈರ್ ಟಿವಿ ಸ್ಟಿಕ್ 39, ರೋಕು ಸ್ಟಿಕ್ 50. ಇವರು ಮೂರು ವರ್ಷ ಹಳೇ ಸಾಮಾನನ್ನು 69ಕ್ಕೆ ಇಳಿಸಿದ್ದಕ್ಕೆ ಚಪ್ಪಾಳೆ ತಟ್ತೀರಲ್ಲ" ಅಂತ ಅವನ ವಾದ. ಸುಳ್ಳೇನಲ್ಲ. ಆ ಡಬ್ಬಿ 2012ರ ಮಾರ್ಚಿನಲ್ಲಿ ಬಂದದ್ದು.

ಮೂರನೆಯವನು ನನ್ನ ಗೆಳತಿಯ ಗಂಡ, ಹುಬ್ಬಳ್ಳಿಯವನು. ಬೆಲೆ ಇಳಿಸಿದ್ದಾರೆ ಅಂದರೆ ಗೋಡೌನ್ ಖಾಲಿ ಮಾಡ್ತಿದ್ದಾರೆ, ಹೊಸದು ಜೂನ್‌ಗೆ ಬಂದೇ ಬರ್ತದೆ, ಈಗ ಕೊಳ್ಳುವವನು ಮೂರ್ಖ ಅಂತ ಗಟ್ಟಿಯಾಗಿ ಹೇಳಿದ. ಅವನ ಕಥೆಗೆ ಆಮೇಲೆ ಬರುತ್ತೇನೆ.

ನನಗೆ ದಾರಿ ತೋರಿಸಿದವರು ಆ ಹಿರಿಯರೇ. ಆಪಲ್‌ನವರದ್ದೇ ಅಂಗಡಿಯಲ್ಲಿ ಕೊಂಡಿದ್ದರೆ, ಕೊಂಡ ಹದಿನಾಲ್ಕು ದಿನದೊಳಗೆ ಅವರೇ ಬೆಲೆ ಇಳಿಸಿದರೆ, ಹೋಗಿ ಕೇಳಿದರೆ ವ್ಯತ್ಯಾಸದ ಹಣ ಕೊಡುತ್ತಾರೆ ಅಂದರು. ನಾವು ಕೊಂಡು ಹತ್ತು ದಿನ. ನಂಬಿಕೆ ಬರಲಿಲ್ಲ. ಊರಲ್ಲಿ ಬದಲಿ ಸೀರೆ ಕೇಳಲು ಹೋದರೂ ಅಂಗಡಿಯವರ ಮುಖ ನೋಡಿ ವಾಪಸ್ ಬಂದು ಅಭ್ಯಾಸವಾದವಳು ನಾನು. ಆದರೂ ಮಂಗಳವಾರ ಸಂಜೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಇಂಗ್ಲಿಷಿನಲ್ಲಿ ಮನಸ್ಸಿನಲ್ಲೇ ಪಾಠ ಒಪ್ಪಿಸಿಕೊಂಡೆ. ಡಬ್ಬಿ ಒಯ್ಯಬೇಕೋ ಬೇಡವೋ ಗೊತ್ತಿಲ್ಲದೆ ಅದನ್ನೂ ಕೈಚೀಲದಲ್ಲಿ ಹಾಕಿಕೊಂಡಿದ್ದೆ.

ನೀಲಿ ಅಂಗಿಯ ಹುಡುಗಿಯೊಬ್ಬಳು ಬಂದಳು. ನಾನು ಎರಡನೇ ವಾಕ್ಯ ಮುಗಿಸುವ ಮೊದಲೇ ಅವಳಿಗೆ ಅರ್ಥವಾಗಿತ್ತು. ರಸೀದಿ ಇಮೇಲ್‌ನಲ್ಲಿತ್ತು, ತೋರಿಸಿದೆ. ಕಾರ್ಡು ಕೇಳಿದಳು. ಕೈಯಲ್ಲಿದ್ದ ಸಣ್ಣ ಯಂತ್ರದಲ್ಲಿ ಏನೋ ಒತ್ತಿದಳು. 32 ಡಾಲರ್ 62 ಸೆಂಟ್, ತೆರಿಗೆಯ ವ್ಯತ್ಯಾಸವೂ ಸೇರಿ. ಡಬ್ಬಿ ಚೀಲದಿಂದ ಹೊರಗೆ ಬರಲೇ ಇಲ್ಲ. ಒಟ್ಟು ಐದು ನಿಮಿಷ. ಒಪ್ಪಿಸಿಕೊಂಡಿದ್ದ ಪಾಠವೆಲ್ಲ ದಂಡ.

ಎಲ್ಲರಿಗೂ ಹೀಗೆ ಆಗಲಿಲ್ಲ. ಪಕ್ಕದ ಮನೆಯ ತೆಲುಗು ಹುಡುಗ ಇದೇ ಡಬ್ಬಿಯನ್ನು ಇನ್ನೊಂದು ದೊಡ್ಡ ಅಂಗಡಿಯಲ್ಲಿ ಫೆಬ್ರವರಿ ಮಧ್ಯದಲ್ಲಿ ಕೊಂಡಿದ್ದ. ಅವನೂ ಹೋಗಿ ಕೇಳಿದ. ದಿನ ಮೀರಿದೆ ಅಂದರಂತೆ. ಅವನ ಡಬ್ಬಿಗೂ ನಮ್ಮ ಡಬ್ಬಿಗೂ ಕೂದಲಿನಷ್ಟೂ ವ್ಯತ್ಯಾಸವಿಲ್ಲ. ಆದರೆ ಅವನ ಮನೆಯಲ್ಲಿ ಆ ಟಿವಿ ಹಾಕಿದಾಗಲೆಲ್ಲ 99ರ ಮಾತು ಬರುತ್ತಿತ್ತು. ನಮ್ಮಲ್ಲಿ ಬರುತ್ತಿರಲಿಲ್ಲ.

ಇನ್ನು ಸಾಮಾನಿನ ವಿಷಯ. ಅಂಗೈಗಿಂತ ತುಸು ದೊಡ್ಡದು. ಚೌಕ, ಕರಿ, ಮೂಲೆಗಳು ದುಂಡಗೆ. ಆಯಿ ಅದನ್ನು ನೋಡಿದವಳೇ ಕುಂಕುಮದ ಭರಣಿ ಅಂದುಕೊಂಡು ಮುಚ್ಚಳ ಹುಡುಕಿದ್ದಳು. ಟಿವಿಗೆ ಜೋಡಿಸುವ ಎಚ್‌ಡಿಎಂಐ ಕೇಬಲ್ ಜೊತೆಗೆ ಬರುತ್ತಿರಲಿಲ್ಲ, ಬೇರೆ ಕೊಳ್ಳಬೇಕಿತ್ತು. ನಾವು ಹಳೇ ಡಿವಿಡಿ ಪ್ಲೇಯರಿನದ್ದನ್ನೇ ಬಿಚ್ಚಿ ಹಾಕಿದೆವು. ಐಫೋನನ್ನು ಅದರ ಹತ್ತಿರ ಹಿಡಿದರೆ ಮನೆಯ ವೈಫೈ ವಿವರವನ್ನು ತಾನೇ ತಿಳಿದುಕೊಂಡುಬಿಡುತ್ತದೆ. ಇದು ನಿಜಕ್ಕೂ ಚೆಂದ. ಪಾಸ್‌ವರ್ಡ್ ಹೊಡೆಯುವ ಗೋಳು ಇಲ್ಲ.

ಆ ಗೋಳು ಎಷ್ಟು ದೊಡ್ಡದು ಅಂತ ಯೂಟ್ಯೂಬ್ ತೆರೆದಾಗ ಗೊತ್ತಾಯಿತು. ರಿಮೋಟು ಬೆರಳಿನಷ್ಟು ಸಣ್ಣ ಅಲ್ಯೂಮಿನಿಯಂ ಪಟ್ಟಿ. ಒಂದು ಬಳೆಯಂಥ ಗುಂಡಿ, ಅದರ ನಡುವೆ ಒಂದು, ಕೆಳಗೆ ಎರಡು. ಅಷ್ಟೇ. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳು ಸಾಲಾಗಿ ಬರುತ್ತವೆ. ಯಕ್ಷಗಾನ ಅಂತ ಬರೆಯಬೇಕಾದರೆ ವೈ ಹತ್ತಿರ ಹೋಗಿ ಒತ್ತು, ಎ ಹತ್ತಿರ ವಾಪಸ್ ಬಾ, ಒತ್ತು, ಕೆ ಹುಡುಕು, ಒತ್ತು. ಭಾಗವತರು ಪದ ಎತ್ತುವ ಹೊತ್ತಿಗೆ ನಮಗೆ ಆಕಳಿಕೆ. ಕಡೆಗೆ ಒಂದು ಉಪಾಯ ಕಂಡುಕೊಂಡೆ. ಫೋನಿನಲ್ಲೇ ಹುಡುಕಿ ಏರ್‌ಪ್ಲೇ ಒತ್ತಿದರೆ ಅದು ಟಿವಿಗೆ ಹೋಗುತ್ತದೆ. ಆದರೆ ಇದಕ್ಕೆ ಐಫೋನೋ ಐಪ್ಯಾಡೋ ಬೇಕು. ಅಪ್ಪನ ಹತ್ತಿರ ಇದ್ದದ್ದು ಆಂಡ್ರಾಯ್ಡ್. ಹಾಗಾಗಿ ಆರು ತಿಂಗಳು ನಮ್ಮ ಹಳೇ ಐಪ್ಯಾಡು ಅಪ್ಪನ ಕವಳದ ತಟ್ಟೆಯ ಪಕ್ಕದಲ್ಲೇ ಇತ್ತು. ಅದರ ಮೇಲೆ ಸುಣ್ಣದ ಗುರುತು ಇವತ್ತಿಗೂ ಇದೆ.

"ಇದ್ರಲ್ಲಿ ಶಬ್ದ ಹೆಚ್ಚು ಮಾಡೋದು ಎಲ್ಲಿ ಕೂಸೆ?" ಅಂತ ಅಪ್ಪ ಮೊದಲ ದಿನವೇ ಕೇಳಿದರು. ಆ ರಿಮೋಟಿನಲ್ಲಿ ಅದು ಇಲ್ಲ. ಅದಕ್ಕೆ ಟಿವಿಯ ರಿಮೋಟು. ಎರಡು ರಿಮೋಟಿನಲ್ಲಿ ಚೆಂಡೆಗೆ ಒಂದು, ಮದ್ದಳೆಗೆ ಒಂದು ಅಂತ ಅಪ್ಪ ಹೆಸರಿಟ್ಟರು. ಚೆಂಡೆ ಜೋರಾದಾಗ ಪಕ್ಕದ ಮನೆಯ ಗೋಡೆ ನೆನಪಾಗಿ ನಾನು ಓಡಿ ಬರುತ್ತಿದ್ದೆ.

ಚಿತ್ರದ ಬಗ್ಗೆ ದೂರಿಲ್ಲ. 1080ಪಿ ಅನ್ನುವಷ್ಟು ಸ್ಪಷ್ಟತೆ ಸಿಗುತ್ತದೆ, ಆಗಿನ ಟಿವಿಗಳಿಗೆ ಸಾಕಷ್ಟಾಯಿತು. ಯಾರೋ ಬಯಲಿನಲ್ಲಿ ನಿಂತು ಹಳೇ ಕ್ಯಾಮೆರಾದಲ್ಲಿ ಹಿಡಿದ ಆಟಕ್ಕೆ ಅದೂ ಜಾಸ್ತಿಯೇ. ನನಗೆ ತುಂಬಾ ಹಿಡಿಸಿದ್ದು ಬೇರೆ ಒಂದು ಸಣ್ಣ ವಿಷಯ. ಸ್ವಲ್ಪ ಹೊತ್ತು ಸುಮ್ನೆ ಬಿಟ್ಟರೆ ನಮ್ಮದೇ ಫೋಟೊಗಳು ಪರದೆಯ ಮೇಲೆ ತೇಲುತ್ತವೆ. ಆಯಿ ಯಕ್ಷಗಾನವನ್ನು ಬೇಕಂತಲೇ ನಿಲ್ಲಿಸಿ ಫೋಟೊ ಬರುವುದನ್ನೇ ಕಾಯುತ್ತಿದ್ದಳು. ನಮ್ಮ ತೋಟ, ಅಂಗಳದಲ್ಲಿ ಹರಡಿದ ಅಡಿಕೆ, ಕೊಟ್ಟಿಗೆಯ ಎಮ್ಮೆ, ಎಲ್ಲ ಸನಿವೇಲ್‌ನ ಗೋಡೆಯ ಮೇಲೆ.

ಕೊರತೆ ಅಂದರೆ ಒಂದೇ, ಆದರೆ ದೊಡ್ಡದು. ಆಪ್ ಅಂಗಡಿಯೇ ಇಲ್ಲ. ಆಪಲ್‌ನವರು ಒಳಗೆ ಏನು ಇಟ್ಟಿದ್ದಾರೋ ಅಷ್ಟೇ.

ಈಗ ಹುಬ್ಬಳ್ಳಿಯವನ ಕಥೆ. ಜೂನ್ ಬಂತು, ಹೊಸದು ಬರಲಿಲ್ಲ. ಸೆಪ್ಟೆಂಬರ್ 9ಕ್ಕೆ ಕಡೆಗೂ ಹೊಸ ಆಪಲ್ ಟಿವಿ ಘೋಷಣೆಯಾಯಿತು. ಆಪ್ ಅಂಗಡಿ ಇತ್ತು, ಮಾತಾಡಿದರೆ ಹುಡುಕಿಕೊಡುವ ರಿಮೋಟು ಇತ್ತು. ಬೆಲೆ 69 ಅಲ್ಲ, 99ವೂ ಅಲ್ಲ. 149 ಡಾಲರ್. ಜಾಗ ಜಾಸ್ತಿ ಬೇಕಾದರೆ 199. ಹಳೆಯದು ಆಗಲೂ 69ಕ್ಕೇ ಸಿಗುತ್ತಿತ್ತು. ಅವನಿಗೆ ಮರ್ಯಾದೆ ಪ್ರಶ್ನೆ. ಅಕ್ಟೋಬರ್ ಕೊನೆಗೆ ಅದು ಅಂಗಡಿಗೆ ಬಂದಾಗ 149 ಕೊಟ್ಟು ಕೊಂಡ. ಹೆಚ್ಚುಕಡಿಮೆ ಎಂಟು ತಿಂಗಳು ಅವನ ಹೆಂಡತಿ ಲ್ಯಾಪ್‌ಟಾಪನ್ನು ದಿಂಬಿನ ಮೇಲಿಟ್ಟು ಸಿನಿಮಾ ನೋಡಿದಳು. ಅವನ ಡಬ್ಬಿ ನಮ್ಮದಕ್ಕಿಂತ ಎಷ್ಟೋ ಮೇಲು, ಒಪ್ಪಬೇಕು. ಆದರೆ ಅವಳ ಎದುರು ಈಗಲೂ ಯಾರೂ 'ಸ್ವಲ್ಪ ಕಾಯೋಣ' ಅನ್ನುವ ಹಾಗಿಲ್ಲ.

ನಮ್ಮದು ಎಷ್ಟು ಬಾಳಿತು? 2020ರಲ್ಲಿ ಎಚ್‌ಬಿಒ ನೌ ಈ ಮಾದರಿಗೆ ನಿಂತಿತು. ನಾವು ಅದನ್ನು ಹಾಕಿಸಿಕೊಂಡಿರಲೇ ಇಲ್ಲ. 2021ರ ಮಾರ್ಚಿನಲ್ಲಿ ಯೂಟ್ಯೂಬ್ ಆಪ್ ಕೂಡ ಹೋಯಿತು. ಅಲ್ಲಿಗೆ ಆರು ವರ್ಷ ಆಗಿತ್ತು. ವಾಪಸ್ ಬಂದದ್ದು ಕಳೆದು ಉಳಿದ 75 ಡಾಲರಿಗೆ ಆರು ವರ್ಷ ಅಂದರೆ ತಿಂಗಳಿಗೆ ಒಂದು ಡಾಲರ್ ಚಿಲ್ಲರೆ. ಆಮೇಲೆ ಏರ್‌ಪ್ಲೇ ಒಂದಕ್ಕೇ ಇಟ್ಟುಕೊಂಡೆವು. 2024ರ ಜುಲೈ ಕೊನೆಗೆ ನೆಟ್‌ಫ್ಲಿಕ್ಸ್ ಕೂಡ ಇದರಲ್ಲಿ ನಿಂತಿತು. ಈಗ ಯಾರಾದರೂ ಹಳೇ ಸಾಮಾನಿನ ರಾಶಿಯಲ್ಲಿ ಐದು ಡಾಲರಿಗೆ ಕೊಟ್ಟರೂ ಕೊಳ್ಳಬೇಡಿ. ಮನೆಯಲ್ಲಿ ಐಫೋನ್ ಇಲ್ಲದಿದ್ದರಂತೂ ಅದು ನಿಜವಾಗಿಯೂ ಕುಂಕುಮದ ಭರಣಿಯೇ, ಅದೂ ಮುಚ್ಚಳ ಇಲ್ಲದ್ದು.

ಒಂದು ಹೇಳಲು ಬಿಟ್ಟೆ. ಅಪ್ಪ ಬಂದ ಹೊಸದರಲ್ಲಿ ಈ 32 ಡಾಲರ್ ವಾಪಸ್ ಬಂದ ಕಥೆ ಹೇಳಿದ್ದೆ. ಆಗ ಡಾಲರಿಗೆ ಅರವತ್ತೆರಡೋ ಅರವತ್ಮೂರೋ ರೂಪಾಯಿ. ಅಪ್ಪ ಬೆರಳು ಎಣಿಸಿ, "ಎರಡು ಸಾವಿರ! ಕೊಟ್ಟ ದುಡ್ಡನ್ನ ಅಂಗಡಿಯವನೇ ವಾಪಸ್ ಕೊಟ್ನಾ?" ಅಂತ ಮೂರು ಸಲ ಕೇಳಿದರು. ಅಕ್ಟೋಬರಿನಲ್ಲಿ ಶಿರಸಿಗೆ ಹೋದ ಮೇಲೆ ಮೆತ್ತಿಯ ಮೇಲಿದ್ದ ಚಾಲಿ ಅಡಿಕೆಯನ್ನು ವ್ಯಾಪಾರಿಯ ವಖಾರಿಗೆ ಹಾಕಿ ಮಾರಿದರು. ಮುಂದಿನ ವಾರವೇ ರೇಟು ಏರಿತು. ಅಪ್ಪ ನೇರ ವಖಾರಿಗೆ ಹೋಗಿ, ಅಮೆರಿಕದಲ್ಲಿ ಹದಿನಾಲ್ಕು ದಿನದ ಲೆಕ್ಕ ಉಂಟು, ನಾನು ಕೊಟ್ಟು ಇನ್ನೂ ಎಂಟು ದಿನ, ವ್ಯತ್ಯಾಸ ಕೊಡಿ ಅಂದರಂತೆ.

ವಖಾರಿಯವರು ಬರೆಯುತ್ತಿದ್ದ ಪುಸ್ತಕದಿಂದ ತಲೆ ಎತ್ತಿ ಕೇಳಿದರಂತೆ: "ಕೊಡುವ ಹೆಗಡೇರೇ. ರೇಟು ಇಳಿದ ವಾರ ನೀವು ತಂದು ಕೊಡ್ತೀರಾ?"