ಅಂಟಿಸಿದ ಹರಳಿಗೆ ಎಂಟೂವರೆ ಸಾವಿರ: ಫ್ಲೋರೈಟ್ ಕೊಳ್ಳುವವರ ಗಮನಕ್ಕೆ

ಹನ್ನೊಂದು ವರ್ಷಗಳಿಂದ ಹರಳುಗಲ್ಲು ಸಂಗ್ರಹಿಸುತ್ತಿರುವ ನಾನು ಹೀಗೆ ಮೋಸಹೋದೆನೆಂದು ಬರೆದುಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಅಂಟಿಸಿದ ಹರಳನ್ನು ನನಗೆ ಮಾರಿದ ವ್ಯಕ್ತಿಯೇ ಈಗ ಧಾರವಾಡದ ಇನ್ನಿಬ್ಬರಿಗೆ ಫೋಟೊ ಕಳಿಸುತ್ತಿರುವುದು ತಿಳಿದ ಮೇಲೆ ಸುಮ್ಮನಿರಲಾಗಲಿಲ್ಲ.

ಕಳೆದ ತಿಂಗಳು ಹುಬ್ಬಳ್ಳಿಯ ಲಾಡ್ಜ್ ಕೋಣೆಯೊಂದರಲ್ಲಿ, ನೀಲಿ ಗೀಟಿನ ಚಾದರದ ಮೇಲೆ ಅವರು ಕಲ್ಲುಗಳನ್ನು ಹರಡಿದ್ದರು. ನಡುವೆ ಬೂದು ಸುಣ್ಣಕಲ್ಲಿನ ಮೇಲೆ ಗಾಜಿಗಿಂತ ಮೆದುವಾದ ಖನಿಜ ಫ್ಲೋರೈಟ್‌ನ ಏಳು ನೇರಳೆ ಘನಗಳು, ಬೆಳಕಿಗೆ ಹಿಡಿದರೆ ಒಳಗೆ ತೆಳು ಹಳದಿ ಪದರ. "ಇಲಿನಾಯ್‌ದು ಸರ್, ಗಣಿ ಬಂದಾಗಿ ಭಾಳ ವರ್ಷ ಆತು, ಇನ್ ಸಿಗೂದಿಲ್ಲ" ಎಂದರು. ಅಮೆರಿಕದ ಆ ರಾಜ್ಯದ ಫ್ಲೋರೈಟ್ ಗಣಿಗಳು 1990ರ ದಶಕದಲ್ಲಿ ಮುಚ್ಚಿದ್ದು ನಿಜವೇ ಆದ್ದರಿಂದ, ಆ ಒಂದು ನಿಜದ ಬೆನ್ನಿಗೆ ಉಳಿದ ಸುಳ್ಳೆಲ್ಲ ಸಲೀಸಾಗಿ ಒಳಬಂತು. ನಾನೂ ಜಾಣತನ ತೋರಿಸಿದೆ: ಬಿದ್ದಿದ್ದ ಚೂರೊಂದನ್ನು ಚಾಕುವಿನಿಂದ ಗೀರಿದೆ, ಗೀರು ಸುಲಭವಾಗಿ ಬಿತ್ತು, ಗಾಜಲ್ಲವೆಂದು ತೃಪ್ತನಾದೆ. ಫ್ಲೋರೈಟ್ ಹೌದೋ ಅಲ್ಲವೋ ಎಂದಷ್ಟೇ ನೋಡಿದೆ. ಅದು ಆ ಕಲ್ಲಿನ ಮೇಲೆಯೇ ಬೆಳೆದದ್ದೋ ಎಂದು ನೋಡಲೇ ಇಲ್ಲ. ಹನ್ನೆರಡು ಸಾವಿರ ಎಂದವರು ಎಂಟೂವರೆಗೆ ಇಳಿದಾಗ ನಾನೇ ಗೆದ್ದೆನೆಂದುಕೊಂಡೆ.

ಮನೆಯಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮಣ್ಣು ತೆಗೆಯುತ್ತಿದ್ದಾಗ ಮೂಲೆಯ ಘನ ಬೆರಳಿನ ಜೊತೆಗೇ ಎದ್ದು ಬಂತು. ಅದರ ಬುಡದಲ್ಲಿ ಓರೆಯಾಗಿ ಸೀಳಿದ ನುಣುಪು ಮುಖ, ಅದಕ್ಕೆ ಮೆತ್ತಿದ ಕಲ್ಲುಪುಡಿ ಕಲಸಿದ ಅಂಟು. ಎಷ್ಟೋ ಹೊತ್ತು ಅದನ್ನು ಹಿಡಿದುಕೊಂಡು ಬಚ್ಚಲಿನಲ್ಲೇ ಕುಳಿತಿದ್ದೆ. ರಾತ್ರಿ ದೀಪ ಆರಿಸಿ ಯುವಿ (ಅತಿನೇರಳೆ ಬೆಳಕಿನ) ಟಾರ್ಚ್ ಹಿಡಿದರೆ ಉಳಿದ ಆರೂ ಘನಗಳ ಬುಡದಲ್ಲಿ ಬಿಳಿಚು ನೀಲಿ ಗೆರೆ. ಇಂಥ ಬೆಳಕಿಗೆ ವಸ್ತುಗಳು ಹೊಳೆಯುವುದಕ್ಕೆ 'ಫ್ಲೋರೆಸೆನ್ಸ್' ಎಂಬ ಪದವನ್ನು 1852ರಲ್ಲಿ ವಿಜ್ಞಾನಿ ಸ್ಟೋಕ್ಸ್ ಕಟ್ಟಿದ್ದು ಇದೇ ಕಲ್ಲಿನ ಹೆಸರಿನಿಂದ. ನನ್ನ ಮನೆಯಲ್ಲಿ ಮಾತ್ರ ಕಲ್ಲು ಸುಮ್ಮನಿತ್ತು, ಅಂಟು ಹೊಳೆಯಿತು.

ಫೋನ್ ಮಾಡಿದೆ. ಮೊದಲ ಉತ್ತರ: "ಅದು ರಿಪೇರಿ ರೀ ಸರ್, ಎಲ್ಲಾರೂ ಮಾಡ್ತಾರ." ಕಳಚಿದ ಹರಳನ್ನು ಅದರದೇ ಜಾಗದಲ್ಲಿ ಕೂರಿಸಿ, ಕೊಳ್ಳುವವನಿಗೆ ಮೊದಲೇ ತಿಳಿಸಿದರೆ ಅದು ರಿಪೇರಿ, ಎಲ್ಲಿಯದೋ ಏಳು ಹರಳುಗಳನ್ನು ಎಲ್ಲಿಯದೋ ಕಲ್ಲಿಗೆ ಮೆತ್ತುವುದಲ್ಲ. ಹಾಗೆಂದಾಗ ಬಂದ ಎರಡನೆಯ ಉತ್ತರ ಇಂದಿಗೂ ಕಿವಿಯಲ್ಲಿದೆ: "ಹರಳು ಖರೇ ಐತಿ, ಕಲ್ಲೂ ಖರೇ ಐತಿ, ಮತ್ತ ಸುಳ್ಳ ಯಾವ್ದು ಹೇಳ್ರಿ?" ನನಗೆ ತಕ್ಷಣ ಮಾತೇ ಹೊರಡಲಿಲ್ಲ. ಹಣ ಮರಳಿ ಕೇಳಿದಾಗ, "ನೀವಽ ಚಾಕು ಹಾಕಿ ನೋಡಿ ತಗೊಂಡೀರಿ, ನಾ ಏನ್ ಜುಲ್ಮಿ ಮಾಡೇನೇನು?" ಎಂದು ಫೋನಿಟ್ಟರು. ಆಮೇಲೆ ನನ್ನ ನಂಬರನ್ನೇ ಬ್ಲಾಕ್ ಮಾಡಿದ್ದಾರೆ.

ಹಣ ಕೊಡುವ ಮೊದಲು ಹರಳಿನ ಬುಡಕ್ಕೆ ಭೂತಗನ್ನಡಿ ಹಿಡಿಯಿರಿ, ಯುವಿ ಟಾರ್ಚ್ ಹಾಕಿ. ಕೆಲವು ಫ್ಲೋರೈಟ್‌ಗಳೂ ಅದರಡಿ ನೀಲಿಯಾಗಿ ಹೊಳೆಯುವುದರಿಂದ, ಹರಳು ಹೊಳೆಯುತ್ತಿದೆಯೋ ಬುಡದ ಗೆರೆ ಮಾತ್ರವೋ ಎಂದು ಗಮನಿಸಿ. ಅಂಟಿಸಿಲ್ಲವೆಂದು ಬರೆದುಕೊಡಲು ಒಪ್ಪದವರ ಕೋಣೆಯಿಂದ ಎದ್ದು ಬನ್ನಿ, ಚಹಾ ತರಿಸಿದ್ದರೂ ಸರಿ.

ನಿನ್ನೆ ಗೆಳೆಯರೊಬ್ಬರಿಗೆ ಬಂದ ಫೋಟೊವನ್ನು ನಾನೇ ನೋಡಿದೆ. ಈ ಸಲ ಹಸಿರು ಘನಗಳು, ಬೆಲೆ ಹದಿನೈದು ಸಾವಿರ. ಸುಣ್ಣಕಲ್ಲು ಅದೇ ಬೂದು, ಹಾಸಿದ ಚಾದರದ ಗೀಟೂ ಅದೇ ನೀಲಿ.