ಪ್ರೊಪೇನ್ ಟ್ರಕ್ಕಿನ ಎಚ್‌ಪಿ ಅಳೆಯಲು ಡೈನೊಗಿಂತ ಸ್ಟಾಪ್‌ವಾಚ್ ಮೇಲು

ಪ್ರೊಪೇನ್ ಗ್ಯಾಸಿಗೆ ಬದಲಿಸಿದ ಎಂಜಿನ್ನಿನ ಶಕ್ತಿ (ಎಚ್‌ಪಿ, ಅಂದರೆ ಅಶ್ವಶಕ್ತಿ) ಅಳೆಯಲು ನನ್ನ ಓಟು ಡೈನೊಗಲ್ಲ (ಗಾಡಿಯ ಚಕ್ರಗಳನ್ನು ರೋಲರ್ ಮೇಲೆ ಓಡಿಸಿ ಶಕ್ತಿ ಅಳೆಯುವ ಯಂತ್ರ), ರಸ್ತೆ ಪರೀಕ್ಷೆಗೇ. ಹಾಸನದಲ್ಲಿ ಇದಕ್ಕೆ ಬೇಕಾದದ್ದು ವೇಬ್ರಿಡ್ಜ್ ಚೀಟಿ, ಸ್ಟಾಪ್‌ವಾಚ್, ಜಿಪಿಎಸ್ ವೇಗ ತೋರಿಸುವ ಫೋನು.

ಕಾಗದದ ಲೆಕ್ಕದಲ್ಲಿ ಊಹೆಯೇ ಹೆಚ್ಚು. 4 ಲೀಟರ್ ಎಂಜಿನ್, 3000 ಆರ್‌ಪಿಎಂ; ಹಾಸನದ ಎತ್ತರದ ತೆಳು ಗಾಳಿ, ಅದರಲ್ಲೂ ಸುಮಾರು 4% ಜಾಗ ಗ್ಯಾಸಿನದು. ಸಿಲಿಂಡರ್ 80% ತುಂಬುತ್ತದೆ, ದಕ್ಷತೆ 25% ಎಂದುಕೊಂಡರೆ 60 ಕಿಲೋವ್ಯಾಟ್. ಅವೇ 85, 28 ಆದರೆ 71. ಎರಡರಲ್ಲಿ ಯಾವುದು ನಿಜ ಅಂತ ಕಾಗದ ಹೇಳುವುದಿಲ್ಲ.

ರಸ್ತೆಯಲ್ಲಿ ಹೀಗೆ: ಚಾಲಕನ ಸಮೇತ 3000 ಕೆಜಿ. ಒಂದೇ ಗಿಯರ್‌ನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿ 40ರಿಂದ 60 ಕಿಮೀ ವೇಗಕ್ಕೆ 6 ಸೆಕೆಂಡು. ನ್ಯೂಟ್ರಲ್‌ನಲ್ಲಿ 60ರಿಂದ 40ಕ್ಕೆ ಇಳಿಯಲು 24. (ಎಂಜಿನ್ ಆಫ್ ಮಾಡಬೇಡಿ, ಬ್ರೇಕಿನ ಬಲ ಹೋಗುತ್ತದೆ.) ವೇಗ ಬದಲಾಗಲು ಬೇಕಾದ ಶಕ್ತಿ 2,31,500 ಜೂಲ್. ಅದನ್ನು 6ರಿಂದ ಭಾಗಿಸಿದರೆ 38.6 ಕಿಲೋವ್ಯಾಟ್, ವೇಗ ಏರಿಸಲು ಹೋದದ್ದು; 24ರಿಂದ 9.6, ಗಾಳಿ ಮತ್ತು ಟೈರಿನ ತಡೆ ನುಂಗಿದ್ದು; ಕೂಡಿದರೆ ಚಕ್ರದಲ್ಲಿ 48 ಕಿಲೋವ್ಯಾಟ್, ಅಂದರೆ 65 ಎಚ್‌ಪಿ. ಗಿಯರ್‌ಬಾಕ್ಸ್, ಆಕ್ಸಲ್‌ಗೆ 15% ಬಿಟ್ಟರೆ ಎಂಜಿನ್ನಿನದು 77 ಎಚ್‌ಪಿ ಆಸುಪಾಸು. ಇದು ಆ ವೇಗಗಳ ನಡುವಿನ ಸರಾಸರಿ, ಗರಿಷ್ಠವಲ್ಲ.

ಕಾಡುವುದು ಇಳಿಜಾರು. ಚನ್ನರಾಯಪಟ್ಟಣದ ಕಡೆಯ ರಸ್ತೆ ಕಣ್ಣಿಗೆ ಸಮತಟ್ಟು. ಆದರೆ 100 ಮೀಟರಿಗೆ 1 ಮೀಟರ್ ಏರಿದರೂ ಈ ತೂಕಕ್ಕೆ 4 ಕಿಲೋವ್ಯಾಟ್ ಅಲ್ಲೇ ಹೋಯಿತು. ವೇಗ ಏರಿಸಿದ ಜಾಗದಲ್ಲೇ ನ್ಯೂಟ್ರಲ್ ಓಟವೂ ಆದರೆ ಏರು ತನ್ನಷ್ಟಕ್ಕೆ ಕಳೆದುಹೋಗಬೇಕು. ಆಗುವುದಿಲ್ಲ. ಮೊದಲನೆಯದಕ್ಕೆ 83 ಮೀಟರ್ ಸಾಕು, ಎರಡನೆಯದಕ್ಕೆ 330 ಬೇಕು. ಅಷ್ಟುದ್ದದ ರಸ್ತೆ ಒಂದೇ ಸಮ ಇರುವುದು ಅಪರೂಪ.

ಹಾಗಾಗಿ ಹೋಗುತ್ತಾ ಮೂರು ಸಲ, ಬರುತ್ತಾ ಮೂರು ಸಲ ಅಳೆಯಿರಿ, ಗಾಳಿಯಿಲ್ಲದ ಬೆಳಗಿನ ಜಾವ. ಸರಾಸರಿ ತೆಗೆಯಬೇಕಾದದ್ದು ಸೆಕೆಂಡುಗಳದ್ದಲ್ಲ, ಪ್ರತಿ ಓಟದ ಕಿಲೋವ್ಯಾಟಿನದು. ಮೂರನೇ ಓಟ ಮೊದಲನೆಯದಕ್ಕಿಂತ ನಿಧಾನವಾದರೆ ವೇಪರೈಸರ್ (ದ್ರವ ಪ್ರೊಪೇನನ್ನು ಎಂಜಿನ್ನಿನ ಬಿಸಿನೀರಿನಿಂದ ಅನಿಲ ಮಾಡುವ ಭಾಗ) ಮುಟ್ಟಿ ನೋಡಿ. ಅದರ ಮೇಲೆ ಹಿಮ ಕಟ್ಟಿದ್ದರೆ ಬಿಸಿನೀರಿನ ಹೋಸ್‌ನಲ್ಲಿ ಹರಿವು ಸಾಲದು. ಅದನ್ನು ಸರಿಮಾಡದೆ ಬಂದ ಅಂಕಿ ಬೇಡ.

ಗಾಡಿಯ ಕಂಪ್ಯೂಟರಿನಿಂದ ಅಂಕಿ ಓದುವ ಓಬಿಡಿ ಆ್ಯಪ್? ಪೆಟ್ರೋಲಿನ ಗಾಳಿ-ಇಂಧನ ಅನುಪಾತ ಹಿಡಿದು ಲೆಕ್ಕ ಹಾಕುತ್ತದೆ, ಗ್ಯಾಸಿಗೆ ನಂಬಲಾಗದು.

ಡೈನೊ ಆರ್‌ಪಿಎಂಗೆ ತಕ್ಕಂತೆ ಪೂರ್ತಿ ಗೆರೆ ಬರೆದುಕೊಡುತ್ತದೆ, ಅದು ರಸ್ತೆಯಲ್ಲಿ ಸಿಗದು. ಆದರೆ ಅದು ಕೊಡುವ ಅಂಕಿ ಹೆಚ್ಚಾಗಿ ಸಮುದ್ರಮಟ್ಟಕ್ಕೆ ಹೊಂದಿಸಿದ್ದು. ಹಾಸನದಲ್ಲಿ ಸಿಗುವುದಕ್ಕಿಂತ ಸುಮಾರು ಹತ್ತನೇ ಒಂದು ಪಾಲು ಜಾಸ್ತಿ. ಮಿಕ್ಸರ್ (ಗಾಳಿಗೆ ಗ್ಯಾಸು ಬೆರೆಸುವ ಭಾಗ) ತಿರುಪು ಕಾಲು ಸುತ್ತು ತಿರುಗಿಸಿದಾಗಲೆಲ್ಲ ಬೆಂಗಳೂರಿಗೆ ಓಡುವುದು ನನ್ನ ಜೇಬಿಗೆ ಒಗ್ಗದು. ಅದೇ ರಸ್ತೆಯಲ್ಲಿ, ಅದೇ ತೂಕಕ್ಕೆ 6 ಸೆಕೆಂಡು 5.7 ಆಯಿತೇ ಎಂಬುದೇ ನನಗೆ ಬೇಕಾದ ಉತ್ತರ.